ವಿಲ್ಬರ್ ರೈಟ್

1949ರಿಂದ ಹಲವು ವರ್ಷಗಳ ಕಾಲ ದೆಹಲಿ, ಮುಂಬಯಿ, ಕಲಕತ್ತೆ, ಮದರಾಸುಗಳಿಂದ ಹೊರಟ ಟಪಾಲು ವಿಮಾನಗಳು ನಡುರಾತ್ರಿಯಲ್ಲಿ ನಮ್ಮ ನಾಗಪುರದಲ್ಲಿ ಕೂಡಿ ಚೀಲಗಳನ್ನು ಬದಲಿಸಿಕೊಳ್ಳುತ್ತಿದ್ದುವು. ಅವುಗಳನ್ನು ಎಳೆದು ತರುತ್ತಿದ್ದುದು ಪ್ರೊಪೆಲರ್. ಅದಕ್ಕೆ ತಕ್ಕ ಆಕಾರವನ್ನು ತಮ್ಮನೊಡಗೂಡಿ ಲೆಕ್ಕದಿಂದ ಕಂಡುಕೊಂಡ ವಿಲ್ಬರ್ ರೈಟರ ಜೀವನವನ್ನು ನಾವಿಲ್ಲಿ ನೋಡೋಣ.

ವಿಲ್ಬರರು 1867ರಲ್ಲಿ ಅಮೆರಿಕದ ಇಂಡಿಯಾನಾ ಸಂಸ್ಥಾನದಲ್ಲಿ ಜನಿಸಿದರು. ತಾರುಣ್ಯದಲ್ಲಿ ಹಿಮಗಡ್ಡೆಯ ಮೇಲೆ ಆಡುವಾಗ ಮುಖಕ್ಕೆ ಬಲವಾದ ಪೆಟ್ಟು ಬಿದ್ದು, ಕಾಲೇಜು ಸೇರುವ ಆಸೆ ಮುರಿಯಿತು. ಮನೆಯಲ್ಲಿಯೇ ಉಳಿದು, ಕ್ಷಯಪೀಡಿತೆಯಾದ ತಾಯಿಯ ಶುಶ್ರೂಷೆ ಮಾಡುತ್ತ, ತಂದೆಯ ಪುಸ್ತಕಗಳನ್ನು ಓದಿದರು. ಬಳಿಕ ತಮ್ಮ ಆರ್ವಿಲರೊಡನೆ ಡೇಟನ್ ನಗರದಲ್ಲಿ ಸೈಕಲ್ ಅಂಗಡಿಯನ್ನಿಟ್ಟರು; ವಿಮಾನದ ಕೆಲಸವೂ ಅಲ್ಲಿಯೇ ನಡೆಯಿತು.

ಅವರ ಎಂಜಿನ್ನಿನ ಬಲ ಕೇವಲ 12 ಅಶ್ವಶಕ್ತಿ. ಪ್ರೊಪೆಲರ್ ಅದನ್ನು ಪೋಲುಮಾಡಿದರೆ ವಿಮಾನವು ಮೇಲೇಳದು. ಹಡಗಿನ ಪ್ರೊಪೆಲರಿನ ಸೂತ್ರವನ್ನು ಅರಸಿದರು. ಅಲ್ಲಿ ಅನುಭವದ ಅಂದಾಜೇ ಹೊರತು ಗಣಿತವಿರಲಿಲ್ಲ. ಸೋದರರು ಬಹುದಿನ ವಾದಿಸಿದರು. ವಾದ ಮುಗಿಯುವಾಗ ಕೆಲವೊಮ್ಮೆ ಒಬ್ಬರ ಪಕ್ಷವನ್ನು ಇನ್ನೊಬ್ಬರು ಹಿಡಿದಿರುತ್ತಿದ್ದರು! ಕೊನೆಗೆ, ಪ್ರೊಪೆಲರ್ ಎಂಬುದು ಸುತ್ತುವ ರೆಕ್ಕೆಯೇ ಎಂದು ಮನಗಂಡರು. 1901ರಲ್ಲಿ ಗಾಳಿಸುರಂಗದಲ್ಲಿ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿ ಬರೆದಿಟ್ಟ ಅಂಕಿಗಳು ಈಗ ನೆರವಾದುವು. ಸ್ಪ್ರೂಸ್ ಮರದ ಹಲಗೆಗಳನ್ನು ಅಂಟಿಸಿ, 8½ ಅಡಿ ವ್ಯಾಸದ ಎರಡು ಪ್ರೊಪೆಲರುಗಳನ್ನು ಕೈಯಿಂದಲೇ ಕೆತ್ತಿದರು. ತಮಗೆ ದೊರೆತ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲನ್ನು ಅವು ವಿಮಾನವನ್ನು ನೂಕಲು ಬಳಸಿದುವು.

1903ರ ಡಿಸೆಂಬರ್ 17ರಂದು ಆರ್ವಿಲರು ಮೊದಲು 12 ಸೆಕೆಂಡು ಹಾರಿದರು. ಅದೇ ದಿನ ವಿಲ್ಬರರು 59 ಸೆಕೆಂಡುಗಳಲ್ಲಿ 852 ಅಡಿ ಹಾರಿದರು. 1912ರಲ್ಲಿ, 45ನೆಯ ವಯಸ್ಸಿನಲ್ಲಿ, ವಿಷಮಶೀತಜ್ವರದಿಂದ ತೀರಿಕೊಂಡರು.

ಕಾಲೇಜಿನ ಬಾಗಿಲು ಮುಚ್ಚಿದರೂ ಅವರು ಕಲಿಯುವುದನ್ನು ಬಿಡಲಿಲ್ಲ. ಲೆಕ್ಕ ಬಾರದೆಂದು ಪುಸ್ತಕ ಮುಚ್ಚುವ ನಾವು ಅವರನ್ನೊಮ್ಮೆ ನೆನೆಯೋಣ.