ಮೇರಿ ಬ್ರೆಕಿನ್‌ರಿಜ್ ಎಂಬ ದಾದಿಯ ಚರಿತ್ರೆ

ದಾದಿಯ ಕೆಲಸಕ್ಕೆ ಅಷ್ಟೊಂದು ವಿದ್ಯೆಯು ಏತಕ್ಕೆಂದು ತಂದೆತಾಯಿಗಳಲ್ಲಿ ಕೆಲವರು ಇಂದಿಗೂ ನಮ್ಮನ್ನು ಕೇಳುವುದುಂಟು. ಮೂರು ವರ್ಷ ಆಸ್ಪತ್ರೆಯಲ್ಲಿ ಕಲಿತರೆ ಸಾಲದೇ ಎಂಬುದು ಅವರ ಅಭಿಪ್ರಾಯ. ಇದಕ್ಕೆ ನಾವು ವಾದವನ್ನು ಹೂಡುವುದಕ್ಕಿಂತ ಒಬ್ಬ ಸ್ತ್ರೀಯ ಜೀವಿತವನ್ನು ಹೇಳುವುದು ಲೇಸೆಂದು ತೋರುತ್ತದೆ.

ಮೇರಿ ಬ್ರೆಕಿನ್‌ರಿಜ್ 1881ನೆಯ ಇಸವಿ ಫೆಬ್ರವರಿ 17ರಂದು ಅಮೆರಿಕಾ ಸಂಯುಕ್ತ ಸಂಸ್ಥಾನದ ಮೆಂಫಿಸ್ ಪಟ್ಟಣದಲ್ಲಿ ಹುಟ್ಟಿದಳು. ಆಕೆಯ ಅಜ್ಜನು ಆ ದೇಶದ ಉಪಾಧ್ಯಕ್ಷನಾಗಿದ್ದವನು. ತಂದೆಯು ರಷ್ಯಾ ದೇಶಕ್ಕೆ ರಾಯಭಾರಿಯಾಗಿ ಹೋಗಿದ್ದವನು. ಅಂಥ ಮನೆತನದ ಹೆಣ್ಣುಮಕ್ಕಳು ಉದ್ಯೋಗಕ್ಕೆ ಹೋಗುವುದು ಅಂದಿನ ವಾಡಿಕೆಯಾಗಿರಲಿಲ್ಲ. 1904ರಲ್ಲಿ ಆಕೆಗೆ ವಿವಾಹವಾಯಿತು. ಎರಡೇ ವರ್ಷಗಳಲ್ಲಿ ಗಂಡನು ತೀರಿಹೋದನು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಮೇರಿಯು ನ್ಯೂಯಾರ್ಕಿನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ದಾದಿಯರ ಶಾಲೆಯನ್ನು ಸೇರಿ 1910ರಲ್ಲಿ ತೇರ್ಗಡೆಯಾದಳು. ತರುವಾಯ 1912ರಲ್ಲಿ ಮರುಮದುವೆಯಾದಳು. 1916ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಗಳು ಕೆಲವೇ ಗಂಟೆ ಬದುಕಿತು. 1918ರಲ್ಲಿ ನಾಲ್ಕು ವರ್ಷದ ಮಗನೂ ಕಣ್ಮರೆಯಾದನು. ದಾಂಪತ್ಯವೂ ಮುರಿಯಿತು. ದಾದಿಯ ವಿದ್ಯೆಯನ್ನು ಬಲ್ಲವಳಾಗಿದ್ದೂ ಸ್ವಂತ ಮಕ್ಕಳನ್ನು ಉಳಿಸಿಕೊಳ್ಳಲಾರದೆ ಹೋದ ಆ ತಾಯಿಯು ಉಳಿದ ಆಯುಷ್ಯವನ್ನು ಪರರ ಮಕ್ಕಳಿಗೆ ಮುಡಿಪಾಗಿಟ್ಟಳು.

ಮೊದಲನೆಯ ಮಹಾಯುದ್ಧದಿಂದ ಹಾಳಾಗಿದ್ದ ಫ್ರಾನ್ಸ್ ದೇಶಕ್ಕೆ ಹೋಗಿ ಆಕೆಯು ತಾಯಂದಿರಿಗೂ ಮಕ್ಕಳಿಗೂ ಮನೆಮನೆಯ ಶುಶ್ರೂಷೆಯನ್ನು ಏರ್ಪಡಿಸಿದಳು. ಫ್ರಾನ್ಸಿನ ಸೂಲಗಿತ್ತಿಯರು ದಾದಿಯರಲ್ಲ, ಅಮೆರಿಕದ ದಾದಿಯರು ಸೂಲಗಿತ್ತಿಯರಲ್ಲ, ಬ್ರಿಟಿಷ್ ದಾದಿಯರಲ್ಲಿ ಮಾತ್ರ ಎರಡೂ ವಿದ್ಯೆಗಳನ್ನು ಕಲಿತವರಿದ್ದಾರೆ ಎಂಬುದನ್ನು ಆಕೆಯು ಅಲ್ಲಿಯೇ ಗಮನಿಸಿದಳು. ಕೂಡಲೇ, ವಯಸ್ಸು ನಲವತ್ತು ದಾಟಿದ್ದರೂ ಸಂಕೋಚಪಡದೆ ಪುನಃ ವಿದ್ಯಾರ್ಥಿನಿಯಾದಳು. ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯವನ್ನು ವ್ಯಾಸಂಗ ಮಾಡಿದಳು. 1923ರಲ್ಲಿ ಕೆಂಟಕಿ ಪ್ರಾಂತದ ಗುಡ್ಡಗಾಡುಗಳನ್ನು ಕುದುರೆಯ ಮೇಲೆ ಸುತ್ತಿ ಅಲ್ಲಿಯ ಸೂಲಗಿತ್ತಿಯರನ್ನು ಒಬ್ಬೊಬ್ಬರಾಗಿ ಕಂಡು ವಿಚಾರಿಸಿದಳು. ಅನಂತರ ಲಂಡನ್ನಿನಲ್ಲಿ ಹೆರಿಗೆಯ ವಿದ್ಯೆಯನ್ನು ಕಲಿತು ಪ್ರಮಾಣಪತ್ರವನ್ನು ಪಡೆದಳು. ಸ್ಕಾಟ್ಲೆಂಡಿನ ದ್ವೀಪಗಳಲ್ಲಿಯೂ ಬೆಟ್ಟಗಳಲ್ಲಿಯೂ ಚದುರಿರುವ ಜನರಿಗೆ ವೈದ್ಯಸಹಾಯವು ತಲಪುವ ಬಗೆಯನ್ನೂ ಕಂಡುಬಂದಳು.

ಹೀಗೆ ಸಿದ್ಧಳಾಗಿ 1925ರಲ್ಲಿ ಆಕೆಯು ಕೆಂಟಕಿಯ ಲೆಸ್ಲಿ ಜಿಲ್ಲೆಯಲ್ಲಿ ಸ್ಥಾಪಿಸಿದ ಸಂಸ್ಥೆಗೆ 1928ರಲ್ಲಿ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂದು ಹೆಸರಾಯಿತು. ದಾರಿಯಿಲ್ಲದ ಕಣಿವೆಗಳಲ್ಲಿ ದಾದಿಯರು ಔಷಧದ ಚೀಲಗಳನ್ನು ಜೀನಿಗೆ ಕಟ್ಟಿಕೊಂಡು, ಹೊಳೆಗಳನ್ನು ದಾಟಿ ಮನೆಗಳಿಗೆ ಹೋಗುತ್ತಿದ್ದರು. ಹೆರಿಗೆಯೊಂದೇ ಅವರ ಕೆಲಸವಾಗಿರಲಿಲ್ಲ; ವಿಷಮಜ್ವರಕ್ಕೂ ಸಿಡುಬಿಗೂ ಚುಚ್ಚುಮದ್ದು ಹಾಕುವುದು, ಗಾಯ ಕಟ್ಟುವುದು, ಮುದುಕರನ್ನು ನೋಡುವುದು, ಹೀಗೆ ಇಡೀ ಕುಟುಂಬವೇ ಅವರ ಪಾಲಿಗಿತ್ತು. ಹೆರಿಗೆಯೊಂದಕ್ಕೆ ಐದು ಡಾಲರು ಕೂಲಿ. ಹಣವಿಲ್ಲದವರು ಜೋಳವನ್ನೋ ಕೋಳಿಯನ್ನೋ ದುಡಿಮೆಯನ್ನೋ ಕೊಡಬಹುದಾಗಿತ್ತು. ವೈದ್ಯನು ದೂರವಿರುವಾಗ ದಾದಿಯು ಏನೇನು ಮಾಡಬಹುದು, ಯಾವ ಔಷಧವನ್ನು ಕೊಡಬಹುದು ಎಂಬುದನ್ನು ವೈದ್ಯಸಮಿತಿಯೊಂದು ಬರೆದು ಒಪ್ಪಿಗೆಯಿತ್ತಿತ್ತು. 1931ರಲ್ಲಿ ಕುದುರೆಯಿಂದ ಬಿದ್ದು ಮೇರಿಯ ಬೆನ್ನೆಲುಬು ಮುರಿಯಿತಾದರೂ ಕೆಲಸವು ನಿಲ್ಲಲಿಲ್ಲ. ಮರುವರ್ಷ ವಿಮಾ ಕಂಪೆನಿಯೊಂದರ ಗಣಕನು ಮೊದಲ 1000 ಹೆರಿಗೆಗಳ ಲೆಕ್ಕವನ್ನು ಪರಿಶೀಲಿಸಲು, ಹೆರಿಗೆಯ ನೇರ ಕಾರಣದಿಂದ ಒಬ್ಬ ತಾಯಿಯೂ ಸತ್ತಿರಲಿಲ್ಲವೆಂಬುದು ತಿಳಿದುಬಂತು.

ದೊಡ್ಡವರ ಚರಿತ್ರೆಯಲ್ಲಿ ಕುಂದನ್ನು ಮುಚ್ಚಿಡುವುದು ನಮಗೆ ಸರಿಯೆನಿಸದು. ಹುಟ್ಟಿದ ವರ್ಗದ ವರ್ಣಭೇದದ ಭಾವನೆಯನ್ನು ಮೇರಿಯು ನೀಗಿಕೊಳ್ಳಲಿಲ್ಲ. ಕರಿಯ ದಾದಿಯರಿಗೆ ಆಕೆಯ ಸಂಸ್ಥೆಯಲ್ಲಿ ಎಡೆಯಿರಲಿಲ್ಲ. ಆಕೆಯಿಂದ ಕಲಿಯತಕ್ಕದ್ದನ್ನು ಕಲಿಯುವಾಗ ಇದನ್ನೂ ನೆನಪಿಡಬೇಕು.

1939ರಲ್ಲಿ ಯುದ್ಧವು ಆರಂಭವಾಗಲು, ಸಂಸ್ಥೆಯ ಬ್ರಿಟಿಷ್ ದಾದಿಯರು ಅನೇಕರು ಸ್ವದೇಶಕ್ಕೆ ಹಿಂದಿರುಗಿದರು. ಆಗ ಮೇರಿಯು, ಮೊದಲೇ ತೇರ್ಗಡೆಯಾಗಿದ್ದ ದಾದಿಯರಿಗಾಗಿ ಮೇಲ್ತರಗತಿಯ ಸೂತಿವಿದ್ಯಾ ಶಾಲೆಯನ್ನು ಇಬ್ಬರೇ ವಿದ್ಯಾರ್ಥಿನಿಯರಿಂದ ತೆರೆದಳು. ಆಕೆಯು 1965ನೆಯ ಮೇ 16ರಂದು ನಿಧನಹೊಂದಿದಳು. ಅದೇ ವರ್ಷ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ವೈದ್ಯನೂ ಮಕ್ಕಳ ನರ್ಸ್ ಪ್ರಾಕ್ಟೀಷನರ್ ಎಂಬ ಹೊಸ ಶಿಕ್ಷಣವನ್ನು ತೊಡಗಿದರು. 1970ರಲ್ಲಿ ಮೇರಿಯ ಶಾಲೆಯು ಇಡೀ ಕುಟುಂಬವನ್ನು ನೋಡಿಕೊಳ್ಳುವ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಶಿಕ್ಷಣವನ್ನು ಆರಂಭಿಸಿತು. ಈಗ ಅದು ವಿಶ್ವವಿದ್ಯಾಲಯವಾಗಿದೆ. ರೋಗಿಯನ್ನು ಪರೀಕ್ಷಿಸುವ ಕ್ರಮ, ರೋಗಲಕ್ಷಣಶಾಸ್ತ್ರ, ಔಷಧಶಾಸ್ತ್ರ ಇವುಗಳನ್ನು ಸ್ನಾತಕೋತ್ತರ ತರಗತಿಯಲ್ಲಿ ಕಲಿತು, ನುರಿತವರ ಕೈಕೆಳಗೆ ನೂರಾರು ಗಂಟೆ ಅಭ್ಯಾಸಮಾಡಿದವರಿಗೆ ಮಾತ್ರ ಈ ಪದವಿಯು ದೊರೆಯುತ್ತದೆ. ವಿದ್ಯಾರ್ಥಿಗಳು ತಮ್ಮ ಊರಿನಲ್ಲಿದ್ದುಕೊಂಡೇ ಬಹುಭಾಗವನ್ನು ಕಲಿಯಬಹುದು. ವೈದ್ಯರಿಲ್ಲದ ಹಳ್ಳಿಗೆ ಇದರಿಂದಾಗುವ ಉಪಕಾರವು ಅಲ್ಪವಲ್ಲ.

ನಮ್ಮ ದೇಶದಲ್ಲಿಯೂ ದಾದಿಯರಿಗೆ ಸ್ನಾತಕೋತ್ತರ ತರಗತಿಗಳುಂಟು. ನಮ್ಮಲ್ಲಿ ಓದಿ ದಾದಿಯರಾಗಿರುವ ಪೂರ್ವವಿದ್ಯಾರ್ಥಿನಿಯರು, ಮದುವೆಯಾಯಿತು, ವಯಸ್ಸು ಮೀರಿತು ಎಂದು ಪುಸ್ತಕವನ್ನು ಕಟ್ಟಿಡಬಾರದೆಂದು ಬೇಡುತ್ತೇವೆ. ಕೆಲವು ಕಾಲ ಸೇವೆ ಮಾಡಿದ ಮಗಳು ಪುನಃ ಓದುತ್ತೇನೆಂದು ಬಂದರೆ, ತಂದೆತಾಯಿಗಳು ಆಕೆಯ ವಯಸ್ಸನ್ನು ಎಣಿಸದೆ, ಆಕೆಯ ಕೈಯನ್ನು ಕಾದಿರುವ ರೋಗಿಗಳನ್ನು ನೆನೆದು ಅನುಮತಿಯನ್ನು ಕೊಡಲಿ.