ಮಾರಾಟಕ್ಕಿಲ್ಲದ ಕಾರುಗಳು: ಹಾರ್ಲೆ ಅರ್ಲ್ ಮತ್ತು ಕಾನ್ಸೆಪ್ಟ್ ಕಾರಿನ ಕಥೆ

ವಿಚಿತ್ರ ಆಕಾರದ ಕಾರಿನ ಫೋಟೊ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಫೋಟೊ ಹೊಸದಾಗಿದ್ದರೆ, ಈ ಕಾರು ಮುಂದಿನ ವರ್ಷ ರಸ್ತೆಗೆ ಬರುತ್ತದೆ ಎಂಬ ಒಕ್ಕಣೆ. ಹಳೆಯದಾಗಿದ್ದರೆ, ಇಂಥ ಅದ್ಭುತ ಕಾರನ್ನು ಪೆಟ್ರೋಲ್ ಕಂಪನಿಗಳು ಸೇರಿ ಮುಚ್ಚಿಹಾಕಿದವು ಎಂಬ ಒಕ್ಕಣೆ. ಫಾರ್ವರ್ಡ್ ಮಾಡುವ ಮುಂಚೆ ಒಂದು ವಿಷಯ ಗೊತ್ತಿರಲಿ: ಕಾರು ಕಂಪನಿಗಳು ಮಾರುವುದಕ್ಕಲ್ಲದೆ, ಬರೀ ತೋರಿಸುವುದಕ್ಕೆಂದೇ ಕೆಲವು ಕಾರುಗಳನ್ನು ಮಾಡುತ್ತವೆ. ಅವೇ ಕಾನ್ಸೆಪ್ಟ್ ಕಾರುಗಳು. ಈ ಪದ್ಧತಿ ಬೇರೂರಿದ್ದು ಹೇಗೆಂದು ತಿಳಿಯಲು ಹಾರ್ಲೆ ಅರ್ಲ್ ಎಂಬ ಅಮೆರಿಕನ್ನರ ಬದುಕನ್ನು ನೋಡಬೇಕು.

ಅರ್ಲ್ ಹುಟ್ಟಿದ್ದು 1893ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ತಂದೆ ಕುದುರೆ ಗಾಡಿ ಕಟ್ಟುವವರು. ಮೋಟಾರು ಬಂದ ಮೇಲೆ ಕಾರಿನ ಬಾಡಿ ಕಟ್ಟಲು ಶುರು ಮಾಡಿದರು. ಹಾಲಿವುಡ್ ಪಕ್ಕದಲ್ಲೇ ಇದ್ದುದರಿಂದ ಸಿನಿಮಾ ತಾರೆಯರೇ ಗಿರಾಕಿಗಳು. ಕಾಲೇಜು ಓದು ಅರ್ಧಕ್ಕೆ ಬಿಟ್ಟು ಬಂದ ಮಗ ಇವರಿಗಾಗಿ ಕಾರು ವಿನ್ಯಾಸ ಮಾಡುತ್ತಾ ಹೆಸರು ಗಳಿಸಿದ. ಆ ಹೆಸರು ಜನರಲ್ ಮೋಟರ್ಸ್ ಕಂಪನಿಯವರೆಗೂ ಹೋಯಿತು. ಅವರಿಗಾಗಿ ಅರ್ಲ್ ರೂಪಿಸಿದ ಲಾಸಾಲ್ ಕಾರು 1927ರಲ್ಲಿ ಬಂತು. ಅದೇ ವರ್ಷ ಕಂಪನಿಯ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಅವರು ಕಾರಿನ ಅಂದಕ್ಕೆಂದೇ ಒಂದು ವಿಭಾಗ ತೆರೆದು ಅರ್ಲ್ ಕೈಗೆ ಕೊಟ್ಟರು. ಎಂಜಿನಿಯರ್‌ಗಳು ಅದನ್ನು ಬ್ಯೂಟಿ ಪಾರ್ಲರ್ ಎಂದು ಅಣಕಿಸುತ್ತಿದ್ದರಂತೆ.

ಇಲ್ಲಿ ಮಣ್ಣಿನ ವಿಷಯ ಹೇಳಲೇಬೇಕು. ಕಾರಿನ ಆಕಾರವನ್ನು ಮರ ಮತ್ತು ತಗಡಿನಲ್ಲಿ ಮಾಡಿ ನೋಡಿದರೆ ತಿದ್ದುವುದು ಕಷ್ಟ. ಅರ್ಲ್ ಜೇಡಿಮಣ್ಣಿನ ಮಾದರಿಯನ್ನು ಈ ಉದ್ಯಮದ ರೂಢಿಯಾಗಿಸಿದರು. ಕೊನೆಗೆ ಕಾರಿನಷ್ಟೇ ದೊಡ್ಡ ಮಾದರಿಗಳೂ ಬಂದವು. ಇಂದು ಸ್ಟುಡಿಯೋಗಳಲ್ಲಿ ಬಳಸುವ ಈ ಮಣ್ಣು ನಮ್ಮ ಗಣಪತಿ ಮಾಡುವ ಮಣ್ಣಲ್ಲ. ಮೇಣ, ಎಣ್ಣೆ, ಪುಡಿ ಸೇರಿದ ಮಿಶ್ರಣ. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ತಣ್ಣಗಾದರೆ ಗಟ್ಟಿ. ನೀರಿಲ್ಲದ್ದರಿಂದ ಒಣಗಿ ಬಿರುಕು ಬಿಡುವುದಿಲ್ಲ. ಬೇಡವಾದ ಕಡೆ ಹೆರೆದು, ಬೇಕಾದ ಕಡೆ ಮೆತ್ತಬಹುದು. ಕಂಪ್ಯೂಟರ್ ಬಂದ ಮೇಲೂ ಅನೇಕ ಕಂಪನಿಗಳು ಇದನ್ನು ಬಿಟ್ಟಿಲ್ಲ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ, ಒಬ್ಬ ಮಹಾನುಭಾವ ಕುಳಿತು ಕಾರು ಬಿಡಿಸಿಬಿಡುತ್ತಾನೆ ಎಂದು. ಅರ್ಲ್ ಸ್ವತಃ ಬರೆದದ್ದು ಕಡಿಮೆ. ಚಿತ್ರ ಬರೆಯುವವರು, ಮಣ್ಣು ಕೆತ್ತುವವರು ಬೇರೆ ಇದ್ದರು. ಆರಡಿಗೂ ಮೀರಿ ಎತ್ತರದ ಈ ಮನುಷ್ಯ ಮಾದರಿಯ ಸುತ್ತ ಓಡಾಡಿ, ಇಲ್ಲಿ ಇಳಿಸಿ, ಅಲ್ಲಿ ಎಳೆಯಿರಿ ಎನ್ನುವುದು. ಕಾರು ಉದ್ದವಾಗಬೇಕು, ತಗ್ಗಾಗಬೇಕು, ಇಷ್ಟೇ ಅವರ ಹಟ. ಯಶಸ್ಸಿನ ಹೆಸರು ಒಬ್ಬರಿಗೇ ಹೋದದ್ದು ನಮಗೆ ಅಷ್ಟು ಸರಿ ಕಾಣುವುದಿಲ್ಲ.

1938ರಲ್ಲಿ ಈ ಸ್ಟುಡಿಯೋದಿಂದ ಬ್ಯುಯಿಕ್ ವೈ-ಜಾಬ್ ಹೊರಬಂತು. ಮೊದಲ ಕಾನ್ಸೆಪ್ಟ್ ಕಾರು ಎಂದು ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ಮುಚ್ಚಿಕೊಳ್ಳುವ ಹೆಡ್‌ಲೈಟ್, ವಿದ್ಯುತ್ತಿನಿಂದ ಏರಿಳಿಯುವ ಕಿಟಕಿ, ಬಾಗಿಲಿನ ಮಟ್ಟಕ್ಕೇ ಕೂರುವ ಹಿಡಿಕೆ. ಮಾಡಿದ್ದು ಒಂದೇ ಒಂದು. ಅದನ್ನು ಅರ್ಲ್ ತಾವೇ ವರ್ಷಗಟ್ಟಲೆ ಓಡಿಸಿದರು.

1951ರಲ್ಲಿ ಯುರೋಪಿನ ಸ್ಪೋರ್ಟ್ಸ್ ಕಾರುಗಳಿಗೆ ಅಮೆರಿಕನ್ನರು ಮರುಳಾಗಿದ್ದನ್ನು ರೇಸಿನಲ್ಲಿ ಕಂಡ ಅರ್ಲ್, ಗುಟ್ಟಾಗಿ ಒಂದು ಯೋಜನೆ ಹಮ್ಮಿಕೊಂಡರು. ರಾಬರ್ಟ್ ಮೆಕ್ಲೀನ್ ಎಂಬ ಯುವ ಎಂಜಿನಿಯರ್ ಹಿಂಬದಿ ಆಕ್ಸಲ್‌ನಿಂದ ಅಳತೆ ಶುರು ಮಾಡಿ ಮುಂದಕ್ಕೆ ಬಂದರು. ಸಾಮಾನ್ಯವಾಗಿ ಲೆಕ್ಕ ಮುಂದಿನಿಂದ ಹಿಂದಕ್ಕೆ. ಹೀಗೆ ಮಾಡಿದ್ದರಿಂದ ಎಂಜಿನ್ ಹಿಂದಕ್ಕೂ ಕೆಳಕ್ಕೂ ಸರಿದು, ತೂಕ ಮುಂದೆ ಹಿಂದೆ ಹೆಚ್ಚು ಕಡಿಮೆ ಸಮವಾಗಿ ಹಂಚಿತು. ತಗಡು ಒತ್ತುವ ಅಚ್ಚುಗಳಿಗೆ ಕಾಲವೂ ಹಣವೂ ಹೆಚ್ಚು ಬೇಕಾದ್ದರಿಂದ ಬಾಡಿಯನ್ನು ಫೈಬರ್‌ಗ್ಲಾಸಿನಲ್ಲಿ ಮಾಡಿದರು. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಡೆದ ಮೋಟೊರಾಮಾ ಪ್ರದರ್ಶನದಲ್ಲಿ ಜನ ಮುಗಿಬಿದ್ದರು. ಅದೇ ಕಾರ್ವೆಟ್. ಕಾನ್ಸೆಪ್ಟ್ ನಿಜವಾಗಿ ರಸ್ತೆಗಿಳಿದ ಅಪರೂಪದ ಉದಾಹರಣೆ. ಆ ವರ್ಷ 300 ಕಾರು ತಯಾರಾದವು, ಎಲ್ಲವೂ ಬಿಳಿ.

ನೋಡಲು ಮುಗಿಬಿದ್ದ ಜನ ಕೊಳ್ಳಲು ಬರಲಿಲ್ಲ. ರೂಪಕ್ಕೆ ತಕ್ಕ ಎಂಜಿನ್ ಇರಲಿಲ್ಲ. 1955ರಲ್ಲಿ ತಯಾರಾದದ್ದು 700 ಮಾತ್ರ. ಅದೇ ವರ್ಷ ಬಂದ ವಿ-8 ಎಂಜಿನ್ ಅದನ್ನು ಉಳಿಸಿತು. ಇದರ ನಡುವೆ, 1954ರ ಪ್ರದರ್ಶನದಲ್ಲಿ ಕಾರ್ವೆಟ್ಟನ್ನೇ ಆಧರಿಸಿ ಹಿಂದಕ್ಕೆ ಇಳಿಜಾರಾದ ಛಾವಣಿಯ ಒಂದು ಚೆಂದದ ಕೂಪೆ ಇಟ್ಟಿದ್ದರು. ಹೆಸರು ಕಾರ್ವೇರ್. ಅದು ತಯಾರಿಕೆಗೆ ಹೋಗಲೇ ಇಲ್ಲ. ಯಾರೂ ಮುಚ್ಚಿಹಾಕಿದ್ದಲ್ಲ, ಕಾರ್ವೆಟ್ಟೇ ಮಾರಾಟವಾಗದಿರುವಾಗ ಇನ್ನೊಂದಕ್ಕೆ ಹಣ ಹಾಕುವವರು ಯಾರು?

ಆ ವರ್ಷವೇ ಕಾಣಿಸಿಕೊಂಡ ಫೈರ್‌ಬರ್ಡ್ 1 ಜೆಟ್ ವಿಮಾನಕ್ಕೆ ಚಕ್ರ ಹಾಕಿದಂತಿತ್ತು, ಕೂರಲು ಒಬ್ಬರಿಗೇ ಜಾಗ. ಗ್ಯಾಸ್ ಟರ್ಬೈನ್ ಎಂಜಿನ್ ನಿಜವಾಗಿಯೂ ಓಡುತ್ತಿತ್ತು. ಆದರೆ ಹೊಗೆ ವಿಪರೀತ ಬಿಸಿ, ಇಂಧನ ವಿಪರೀತ ಖರ್ಚು, ಪೆಡಲ್ ಒತ್ತಿದರೆ ವೇಗ ಏರಲು ತಡ. ಊರ ರಸ್ತೆಗೆ ಅದು ಆಗದ್ದಕ್ಕೆ ಈ ಕಾರಣಗಳೇ ಸಾಕು.

ವಿಮಾನದ ಗೀಳು ಮೊದಲಿನಿಂದಲೂ ಇತ್ತು. 1948ರ ಕ್ಯಾಡಿಲಾಕ್ ಕಾರಿನ ಹಿಂದೆ ಎದ್ದ ಬಾಲದ ರೆಕ್ಕೆಗಳಿಗೆ ಪಿ-38 ಯುದ್ಧವಿಮಾನವೇ ಸ್ಫೂರ್ತಿ. ಕಾರು ಅಲುಗಾಡದಿರಲು ಅವನ್ನಿಟ್ಟರು ಎಂದು ಕೆಲವರು ನಂಬಿದ್ದಾರೆ. ಅರ್ಲ್ ಸ್ಟುಡಿಯೋ ಇಟ್ಟದ್ದು ಅಂದಕ್ಕೆ. ಪ್ರತಿ ವರ್ಷ ರೂಪ ಬದಲಿಸಿ ಹಳೆಯ ಕಾರು ಹಳತೆನ್ನಿಸುವಂತೆ ಮಾಡುವುದು ಕಂಪನಿಯ ವ್ಯಾಪಾರವೇ ಆಗಿತ್ತು. ಈಗ ನಿಮ್ಮ ಕೈಯಲ್ಲಿರುವ ಫೋನಿನದೂ ಇದೇ ಕಥೆ! 1965ರಲ್ಲಿ ರಾಲ್ಫ್ ನೇಡರ್ ಕಾರುಗಳ ಸುರಕ್ಷತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ಚೂಪು ರೆಕ್ಕೆಗಳು ದಾರಿಹೋಕರಿಗೆ ಮಾಡುವ ಗಾಯವನ್ನೂ ಎತ್ತಿ ಹೇಳಿದರು.

ಸುರಕ್ಷತೆಯ ಯೋಚನೆ ಸ್ಟುಡಿಯೋದಲ್ಲಿ ಇರಲೇ ಇಲ್ಲ ಎಂದಲ್ಲ. ಆಗಿನ ಕಾಲಕ್ಕೆ ಅಪರೂಪವಾಗಿ ಅರ್ಲ್ ಹಲವು ಮಹಿಳಾ ವಿನ್ಯಾಸಕರನ್ನು ಸೇರಿಸಿಕೊಂಡಿದ್ದರು. ಅವರಲ್ಲಿ ರೂತ್ ಗ್ಲೆನಿ 1958ರಲ್ಲಿ ಸಜ್ಜುಗೊಳಿಸಿದ ಪ್ರದರ್ಶನದ ಕಾರ್ವೆಟ್‌ನಲ್ಲಿ ತಾನೇ ಸುತ್ತಿಕೊಳ್ಳುವ ಸೀಟ್ ಬೆಲ್ಟ್ ಇತ್ತು.

ಅರ್ಲ್ ನಿವೃತ್ತರಾದದ್ದು ಅದೇ 1958ರಲ್ಲಿ. ತೀರಿಕೊಂಡದ್ದು 1969ರ ಏಪ್ರಿಲ್‌ನಲ್ಲಿ, ಫ್ಲಾರಿಡಾದಲ್ಲಿ. ಡೇಟೋನಾ 500 ಕಾರ್ ರೇಸ್ ಗೆದ್ದವರಿಗೆ ಕೊಡುವ ಟ್ರೋಫಿಗೆ ಅವರ ಹೆಸರಿದೆ. ಅದರ ಮೇಲೆ ಕೂತಿರುವುದು ಫೈರ್‌ಬರ್ಡ್ 1ರ ಪುಟ್ಟ ಪ್ರತಿಕೃತಿ. ಆ ಟ್ರೋಫಿಯ ಫೋಟೊ ಕೂಡ ಒಂದು ದಿನ ನಿಮ್ಮ ಗುಂಪಿಗೆ ಬರಬಹುದು.