ಛಾಯಾಚಿತ್ರಗಾರ್ತಿ ಡೊರೊಥಿಯಾ ಲ್ಯಾಂಗ್

ಹತ್ತಿ ಬಿಡಿಸುವ ದಿನಗಳಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಯಾವ ಹಾದಿ ಹಿಡಿದರೂ ಉಡಿ ಕಟ್ಟಿಕೊಂಡು ಹೊಲಕ್ಕೆ ನಡೆದ ಹೆಣ್ಣುಮಕ್ಕಳು ಕಾಣುತ್ತಾರೆ. ಹಿರೇಕೆರೂರ ಕಡೆಯವಳಾದ ನಮ್ಮ ಅಜ್ಜಿ ನಲವತ್ತು ವರ್ಷ ಇದೇ ಕೂಲಿ ಮಾಡಿದಳು. ಆಕೆ ತೀರಿಕೊಂಡಾಗ ಗೋಡೆಗೆ ಹಾಕಲು ಮನೆಯಲ್ಲಿ ಒಂದು ಭಾವಚಿತ್ರವಿರಲಿಲ್ಲ. ಮತದಾರರ ಗುರುತಿನ ಚೀಟಿಯಲ್ಲಿದ್ದ ಪುಟ್ಟ ಮುಖವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅಜ್ಜಿ ಬೇರಾರೋ ಹೆಂಗಸಿನಂತೆ ಕಾಣುತ್ತಾಳೆ. ನಮ್ಮ ಧಾರವಾಡ ಸೀಮೆಯ ಗುಡಿಗಳ ಛಾಯಾಚಿತ್ರಗಳು 1866ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಅಜ್ಜಿಯ ಹೊಲದವರೆಗೆ ಮಾತ್ರ ಯಾರೂ ಬರಲಿಲ್ಲ.

ದೂರದ ಅಮೇರಿಕೆಯಲ್ಲಿ ಅಂಥ ಹೊಲಗಳವರೆಗೆ ಹೋದ ಒಬ್ಬ ಮಹಿಳೆಯ ಚರಿತ್ರೆಯನ್ನು ಓದಿದಾಗ ನನಗೆ ಅಜ್ಜಿಯೇ ನೆನಪಾದಳು.

ಡೊರೊಥಿಯಾ ಹುಟ್ಟಿದ್ದು 1895ರ ಮೇ 26ರಂದು, ನ್ಯೂ ಜರ್ಸಿಯ ಹೊಬೊಕೆನ್ ಪಟ್ಟಣದಲ್ಲಿ. ಏಳನೆಯ ವಯಸ್ಸಿನಲ್ಲಿ ಪೋಲಿಯೋ ತಗಲಿ ಬಲಗಾಲು ಸೊರಗಿತು. ಆ ಕುಂಟು ಕಡೆತನಕ ಉಳಿಯಿತು. ಹನ್ನೆರಡರ ಸುಮಾರಿಗೆ ತಂದೆ ಮನೆ ಬಿಟ್ಟು ಹೋದನು. ಮುಂದೆ ಆಕೆ ತಂದೆಯ ಮನೆತನದ ಹೆಸರನ್ನು ಬಿಟ್ಟು ತಾಯಿಯ ತವರಿನ ಹೆಸರಾದ ಲ್ಯಾಂಗ್ ಎಂಬುದನ್ನು ಇಟ್ಟುಕೊಂಡಳು. 1918ರಲ್ಲಿ ಗೆಳತಿಯೊಡನೆ ಲೋಕಸಂಚಾರಕ್ಕೆಂದು ಹೊರಟವಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಣ ಕಳುವಾಗಿ ಅಲ್ಲಿಯೇ ನಿಂತಳು. ಅಲ್ಲೊಂದು ಸ್ಟುಡಿಯೋ ತೆರೆದು ಸಿರಿವಂತರ ಭಾವಚಿತ್ರ ತೆಗೆದು ಹೊಟ್ಟೆ ಹೊರೆದಳು.

1929ರ ನಂತರ ಬಂದ ಆರ್ಥಿಕ ಮುಗ್ಗಟ್ಟು ಆಕೆಯನ್ನು ಬೀದಿಗೆ ಕರೆತಂದಿತು. 1935ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಪಾಲ್ ಟೇಲರನನ್ನು ಮದುವೆಯಾದಳು. ಇದು ಆಕೆಯ ಎರಡನೆಯ ವಿವಾಹ. ಕೂಲಿಕಾರರ ಮಾತನ್ನು ಬರೆದುಕೊಳ್ಳುವುದು ಅವನ ಪದ್ಧತಿ. ಆಕೆಯೂ ಚಿತ್ರದ ಜೊತೆಗೆ ಮಾತನ್ನು ದಾಖಲಿಸತೊಡಗಿದಳು.

1936ರ ಮಾರ್ಚ್ ತಿಂಗಳು. ಸರಕಾರದ ಪರವಾಗಿ ಚಿತ್ರ ತೆಗೆಯುವ ತಿರುಗಾಟ ಮುಗಿಸಿ, ಮಳೆಯಲ್ಲಿ ಕಾರು ನಡೆಸುತ್ತ ಮನೆಗೆ ಮರಳುತ್ತಿದ್ದಳು. ನಿಪೊಮೊ ಎಂಬಲ್ಲಿ ಬಟಾಣಿ ಬಿಡಿಸುವವರ ಬಿಡಾರದ ಫಲಕ ಕಂಡಿತು. ನಿಲ್ಲಿಸದೆ ಇಪ್ಪತ್ತು ಮೈಲಿ ಮುಂದೆ ಹೋದಳು. ಮನಸ್ಸು ತಡೆಯದೆ ಹಿಂದಿರುಗಿದಳು. ಬೆಳೆ ಚಳಿಗೆ ಸುಟ್ಟು ಹೋಗಿ ಕೂಲಿಯಿಲ್ಲದೆ ಕುಳಿತವರ ನಡುವೆ, ಹರಕು ಡೇರೆಯೊಂದರಲ್ಲಿ, ಮಕ್ಕಳನ್ನು ಒತ್ತಿಕೊಂಡು ಕುಳಿತ 32 ವರ್ಷದ ತಾಯಿ ಕಂಡಳು. ಹತ್ತು ನಿಮಿಷದ ಕೆಲಸ, ಕೆಲವೇ ಚಿತ್ರಗಳು. ಕೊನೆಯದರಲ್ಲಿ ಎರಡು ಮಕ್ಕಳು ಮುಖ ತಿರುಗಿಸಿ ತಾಯಿಯ ಹೆಗಲಿಗೊರಗಿವೆ. ಆಕೆಯ ಕೈ ಗಲ್ಲದ ಮೇಲಿದೆ. ಚಿತ್ರಗಳು ಪತ್ರಿಕೆಯಲ್ಲಿ ಬಂದೊಡನೆ ಸರಕಾರ ಆ ಬಿಡಾರಕ್ಕೆ 20,000 ಪೌಂಡು ಆಹಾರ ಕಳಿಸಿತು. ಅಷ್ಟರೊಳಗೆ ಆ ತಾಯಿ ಮಕ್ಕಳೊಡನೆ ಮುಂದಿನ ಕೂಲಿ ಹುಡುಕಿ ಹೊರಟುಹೋಗಿದ್ದಳು.

ಎಲ್ಲರ ಮಾತನ್ನು ಬರೆದುಕೊಳ್ಳುತ್ತಿದ್ದ ಡೊರೊಥಿಯಾ ಅಂದು ಆಕೆಯ ಹೆಸರು ಕೇಳಲಿಲ್ಲ. ಇದನ್ನು ತಾನೇ ಮುಂದೆ ಒಪ್ಪಿಕೊಂಡಿದ್ದಾಳೆ. ಕಾರಿನ ಟಾಯರು ಮಾರಿ ಕೂಳು ತಂದರೆಂದು ಆಕೆ ಬರೆದುದನ್ನು ಆ ಮನೆಯವರು ಅಲ್ಲಗಳೆದರು. ದಣಿವಿತ್ತು, ಮಳೆಯಿತ್ತು, ನಿಜ. ಆದರೂ ನನಗೆ ಇದು ಸಣ್ಣ ತಪ್ಪೆಂದು ಅನಿಸುವುದಿಲ್ಲ.

ಆಕೆಗೆ ಧೈರ್ಯದ ಕೊರತೆಯಿರಲಿಲ್ಲ. 1942ರಲ್ಲಿ ಜಪಾನೀ ಮೂಲದ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಅಮೇರಿಕ ಸರಕಾರ ಶಿಬಿರಗಳಿಗೆ ಅಟ್ಟಿದಾಗ, ಸರಕಾರದ ಸಂಬಳದಲ್ಲಿದ್ದೂ ಆ ಅನ್ಯಾಯ ಎದ್ದು ಕಾಣುವಂತೆ ಚಿತ್ರಿಸಿದಳು. ಸೇನೆಯವರು ಯುದ್ಧ ಮುಗಿಯುವವರೆಗೆ ಆ ಚಿತ್ರಗಳನ್ನು ಹೊರಬಿಡಲಿಲ್ಲ. ದೇಹ ಕುಗ್ಗಿದ ಮೇಲೂ ಗಂಡನ ಜೊತೆಗೆ ಕೊರಿಯಾ, ಇಂಡೋನೇಷಿಯಾ, ಈಜಿಪ್ತ ದೇಶಗಳಲ್ಲಿ ಕ್ಯಾಮರಾ ಹಿಡಿದು ತಿರುಗಿದಳು. ಕೊನೆಗಾಲದಲ್ಲಿ ತನ್ನ ನಾಡಿನ ಹಳ್ಳಿಯ ಹೆಂಗಸರ ಚಿತ್ರಗಳನ್ನು ಆಯ್ದು ಜೋಡಿಸಿದಳು. 1965ರ ಅಕ್ಟೋಬರ್ 11ರಂದು ಕ್ಯಾನ್ಸರಿನಿಂದ ತೀರಿಕೊಂಡಳು. ಆ ಪುಸ್ತಕ 1967ರಲ್ಲಿ ಹೊರಬಂದಿತು.

ಡೇರೆಯ ತಾಯಿಯ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ: ಫ್ಲಾರೆನ್ಸ್ ಥಾಂಪ್ಸನ್, ಅಮೇರಿಕೆಯ ಮೂಲನಿವಾಸಿ ಚೆರೋಕಿ ಜನಾಂಗದವಳು. ಲೋಕವೆಲ್ಲ ನೋಡಿದ ಚಿತ್ರದಿಂದ ತನಗೊಂದು ಕಾಸೂ ಬರಲಿಲ್ಲವೆಂಬ ಸಂಕಟ ಆಕೆಗಿತ್ತು. 1983ರಲ್ಲಿ ಆಕೆ ಹಾಸಿಗೆ ಹಿಡಿದು ಮಕ್ಕಳು ನೆರವು ಕೇಳಿದಾಗ ಮಾತ್ರ ಆ ಚಿತ್ರವನ್ನು ಬಲ್ಲ ಜನ ಹಣ ಕಳಿಸಿದರು. ಅದೇ ವರ್ಷ ಆಕೆ ತೀರಿಕೊಂಡಳು.

ದೀಪಾವಳಿಯ ಸೂಟಿಯಲ್ಲಿ ಊರಿಗೆ ಹೋದಾಗ ಹೊಲದಲ್ಲಿದ್ದ ನಮ್ಮ ದೊಡ್ಡವ್ವನ ಚಿತ್ರ ತೆಗೆದೆ. ಸಾಲಿನಲ್ಲಿದ್ದ ಉಳಿದವರದನ್ನೂ ತೆಗೆದು, ಹೆಸರು, ತವರೂರು ಕೇಳಿ ಬರೆದುಕೊಂಡೆ. ಒಬ್ಬಾಕೆ ತನ್ನ ಚಿತ್ರ ಬೇಡವೆಂದು ಸೆರಗು ಮರೆ ಮಾಡಿಕೊಂಡಳು. ಆಕೆಯದನ್ನು ತೆಗೆಯಲಿಲ್ಲ.